ಉಪ್ಪು ಬಿಟ್ಟ ಪೈಲವಾನನ ಮಜ್ಜಿಗೆ

ನಿನ್ನೆ ಸಾರಿನಲ್ಲಿ ಒಂದು ಚಿಟಿಕೆ ಉಪ್ಪು ಕಡಿಮೆಯಾಯಿತೆಂದು ಮುಖ ಗಂಟು ಹಾಕಿಕೊಂಡು ತಾಟು ಸರಿಸಿ ಎದ್ದವರು ನೀವೇ ಅಲ್ಲವೇ? ಸುಳ್ಳು ಹೇಳಬೇಡಿ. ಒಂದು ಹೊತ್ತಿನ ಊಟಕ್ಕೇ ಇಷ್ಟು ಸಿಟ್ಟಾದರೆ, ಒಂದು ತಿಂಗಳು ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಮಜ್ಜಿಗೆ ಕೊಟ್ಟು, ಮೇಲೆ ನಮ್ಮ ಸುರಪುರದ ಬಿಸಿಲಿನಲ್ಲಿ ದಿನಾ ನೂರಾರು ಬೈಠಕ್, ಅಂದರೆ ಬಸ್ಕಿ, ಹೊಡೆಸಿದರೆ ನಿಮ್ಮ ಗತಿ ಏನು?

ನಮ್ಮಣ್ಣನಿಗೆ ಹಾಗೆ ಮಾಡಿದರು. ಅದರ ಶಿಕ್ಷೆ ಉಂಡವಳು ಮಾತ್ರ ಅವನ ಹೆಂಡತಿ, ನನ್ನ ಅತ್ತಿಗೆ. ಅರವತ್ತು ವರ್ಷದ ಮೇಲಾಯಿತು, ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಿದಂತೆ ಕಂಡಿತ್ತು. ಹೋದ ತಿಂಗಳು ನನ್ನ ಮೊಮ್ಮಗಳು ಮತ್ತೆ ಉರಿ ಹಚ್ಚಿದಳು.

ಅವಳು ಯಾದಗಿರಿಯಲ್ಲಿ ಓದುತ್ತಾಳೆ, ಓಟದ ಪಂದ್ಯಗಳಿಗೆ ತಯಾರಾಗುತ್ತಾಳೆ. ಓಡುವವರು ಏನೇನು ತಿನ್ನಬೇಕೆಂದು ಅವಳ ಕೋಚ್ ಫೋನಿಗೆ ಒಂದು ಪಟ್ಟಿ ಕಳಿಸಿದ್ದರು. ರಜೆಗೆ ಬಂದವಳು ನನ್ನ ಮುಂದೆ ಕೂತು ಅದನ್ನು ಓದತೊಡಗಿದಳು. ಎಲುಬಿಗೆ ಸುಣ್ಣದಂಶ ಬೇಕಂತೆ, ರಕ್ತಕ್ಕೆ ಕಬ್ಬಿಣದಂಶ ಬೇಕಂತೆ, ಅದು ಕಡಿಮೆಯಾದರೆ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಎದೆ ಏದುಸಿರು ಬಿಡುತ್ತದಂತೆ. ನಾನು ಪುಂಡಿಪಲ್ಯ ಸೋಸುತ್ತಾ ಹ್ಞೂಗುಟ್ಟುತ್ತಿದ್ದೆ. ಆಮೇಲೆ ಅವಳು ಓದಿದಳು:

"ಬೆವರಿನ್ಯಾಗ ಬರೇ ನೀರು ಹೋಗಂಗಿಲ್ಲ ಆಯಿ, ಉಪ್ಪೂ ಹೋಗ್ತದಂತ. ಭಾಳ ಬೆವರು ಸುರಿಸೋರು ಉಪ್ಪು ತಿನ್ನದಿದ್ರ ಮೀನಖಂಡ ಹಿಡಕೋತಾವಂತ, ಕೈಕಾಲು ಸೆಟೀತಾವಂತ."

"ಏನಂದಿ? ಮತ್ತೊಮ್ಮೆ ಓದು."

ಓದಿದಳು. ಇನ್ನೊಮ್ಮೆ ಓದಿಸಿದೆ. ನಾಲ್ಕನೆಯ ಸಲಕ್ಕೆ ಅವಳಿಗೆ ಸಾಕಾಯಿತು.

"ನೀನಾ ಓದ್ಕೋ ಬೇ. ಫೋನ್ ಒತ್ತೋದು ಕಲಿಸೀನಲ್ಲ!"

ಪಟ್ಟಿಯನ್ನು ನನ್ನ ಫೋನಿಗೆ ಹಾಕಿಸಿಕೊಂಡು ಓದಿಕೊಂಡೆ. ಓದಿ, ಅದೇ ಫೋನಿನಲ್ಲಿ ಇದನ್ನು ಒತ್ತುತ್ತಾ ಕೂತಿದ್ದೇನೆ. ನನ್ನ ಹೆಬ್ಬೆರಳು ದಪ್ಪ, ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಎದ್ದು ಬರುತ್ತದೆ. ಆದರೂ ಬಿಡುವವಳಲ್ಲ.

ನಾವು ಮೂಲದಲ್ಲಿ ಹೊಳೆದಂಡೆಯವರು. ಅಜ್ಜನ ಕಾಲಕ್ಕೆ ಕೃಷ್ಣೆ ಬಿಟ್ಟು ಸುರಪುರದ ರಂಗಂಪೇಟೆಗೆ ಬಂದು ನೆಲೆಸಿದ್ದೆವು. ಅಪ್ಪ ಬೋನಾಳದ ಕೆರೆಯಲ್ಲಿ ಬಲೆ ಹಾಕುತ್ತಿದ್ದ, ಮೀನು ಮಾರುತ್ತಿದ್ದ, ಮಳೆಗಾಲಕ್ಕೆ ಯಾರದಾದರೂ ಹೊಲದಲ್ಲಿ ದುಡಿಯುತ್ತಿದ್ದ. ಅಣ್ಣ ಮಾತ್ರ ದುಡಿಯುತ್ತಿರಲಿಲ್ಲ. ಅವನು ಪೈಲವಾನ. ರಜಾಕಾರರ ಗದ್ದಲದಲ್ಲಿ ಬಾಗಿಲು ಹಾಕಿದ್ದ ನಮ್ಮ ಓಣಿಯ ತಾಲೀಮು, ಅಂದರೆ ಗರಡಿಮನೆ, ಮತ್ತೆ ತೆರೆದಿತ್ತು. ಹೆದರಿ ಹೆದರಿ ಬದುಕಿದ್ದ ಜನಕ್ಕೆ ಗಟ್ಟಿಯಾದ ಒಂದು ಮೈ ಕಣ್ಣಮುಂದೆ ಬೇಕಾಗಿತ್ತೋ ಏನೋ, ಇಡೀ ಓಣಿಯ ಇಜ್ಜತ್ತನ್ನು ಅಣ್ಣನ ಹೆಗಲ ಮೇಲೆ ಹೊರಿಸಿಬಿಟ್ಟಿದ್ದರು. ಉಗಾದಿ ಮುಗಿದ ಮೊದಲ ಸೋಮವಾರ ನಮ್ಮ ತಾಲೀಮಿಗೂ ಶಹಾಪುರದ ತಾಲೀಮಿಗೂ ಕುಸ್ತಿ. ವರ್ಷಕ್ಕೆ ಅದೊಂದೇ ದಿನ ಎಂಬಂತೆ ಎಲ್ಲರೂ ಬದುಕುತ್ತಿದ್ದರು.

ಮನೆಗೆ ಬರುವ ಎಮ್ಮೆಯ ಹಾಲು ಅಣ್ಣನಿಗೆ. ತುಪ್ಪ ಅಣ್ಣನಿಗೆ. ನೆನೆಸಿ ಸಿಪ್ಪೆ ಸುಲಿದ ಬದಾಮಿ ಅಣ್ಣನಿಗೆ. ಆ ಸಿಪ್ಪೆ ಸುಲಿಯುವ ಕೆಲಸ ನನಗೆ. ಎರಡು ಬದಾಮಿ ಬಾಯಿಗೆ ಹಾಕಿಕೊಂಡರೆ ಅವ್ವ ಲೆಕ್ಕ ಹಿಡಿದು ಬೆನ್ನಿಗೆ ಗುದ್ದುತ್ತಿದ್ದಳು. ನಾನು, ಅವ್ವ ಕೊನೆಗೆ ಗಡಿಗೆಯ ತಳ ಕೆರೆದು ಉಣ್ಣುವವರು. ಹತ್ತು ವರ್ಷದ ನನಗೆ ನೀರಿನ ಕೊಡ ಹೊತ್ತು ತಂದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಗೋಡೆಯ ಮಣ್ಣು ಕೆರೆದು ತಿನ್ನಬೇಕೆನಿಸುತ್ತಿತ್ತು, ತಿನ್ನುತ್ತಿದ್ದೆ ಕೂಡ. "ಮಣ್ಣು ತಿನ್ನೋ ಮೈಗಳ್ಳಿ" ಎಂದು ಹೊಡೆದರು. ರಕ್ತದಲ್ಲಿ ಕಬ್ಬಿಣದಂಶವಿಲ್ಲದ ಹುಡುಗಿಯರಿಗೆ ಹೀಗೆ ಮಣ್ಣಿನ ಆಸೆ ಹುಟ್ಟುವುದುಂಟೆಂದು ಮೊನ್ನೆ ಮೊಮ್ಮಗಳ ಡಾಕ್ಟರು ಹೇಳಿದಾಗ, ಆ ಏಟುಗಳನ್ನೆಲ್ಲ ಯಾರಿಗೆ ವಾಪಸ್ಸು ಕೊಡಲಿ ಎಂದು ಸುತ್ತ ನೋಡಿದೆ. ಯಾರೂ ಉಳಿದಿಲ್ಲ.

ಇರಲಿ. ಉಪ್ಪಿಗೆ ಬರೋಣ.

ನಮ್ಮ ತಾಲೀಮಿನ ವಸ್ತಾದನದೊಂದು ನೇಮವಿತ್ತು. ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಕಣಕ್ಕಿಳಿಯುವ ಮುಂಚೆ ಒಂದು ತಿಂಗಳು ಪೈಲವಾನ ಉಪ್ಪು ಮುಟ್ಟುವಂತಿಲ್ಲ. ಉಪ್ಪು ತಿಂದರೆ ಮೈಯಲ್ಲಿ ನೀರು ತುಂಬುತ್ತದೆ, ಮಾಂಸ ಸಡಿಲಾಗುತ್ತದೆ, ಬಿಟ್ಟರೆ ಸಾಗವಾನಿ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು ಅವನ ವಾದ. ಅವನ ಗುರು ಹೇಳಿದ್ದನಂತೆ, ಆ ಗುರುವಿಗೆ ಅವನ ಗುರು. ಅವರಲ್ಲಿ ಒಬ್ಬರಾದರೂ ಅಡುಗೆ ಮಾಡಿದವರಿದ್ದರೇ?

ಅವ್ವನಿಗೆ ಎರಡೆರಡು ಗಡಿಗೆ ಇಡಲು ಬೇಸರ. ಇಡೀ ಮನೆಗೇ ಸಪ್ಪೆ ಅಡುಗೆ. ಕುಸ್ತಿ ಆಡುವವನು ಒಬ್ಬ, ಉಪ್ಪು ಬಿಟ್ಟವರು ನಾಲ್ವರು. ಅಪ್ಪ ಹೊರಗೆ ಖಾನಾವಳಿಯಲ್ಲಿ ಉಂಡು ಬರುತ್ತಿದ್ದ, ಅದು ಬೇರೆ ಮಾತು.

ಅಣ್ಣನ ಮಧ್ಯಾಹ್ನದ ಬುತ್ತಿ, ಮಜ್ಜಿಗೆಯ ಚರಿಗೆ ತಾಲೀಮಿಗೆ ಒಯ್ಯುವವಳು ನಾನು. ಹೆಂಗಸರು ಒಳಗೆ ಕಾಲಿಡುವಂತಿಲ್ಲ. ನಾನು ಚಿಕ್ಕವಳೆಂದು ಹೊಸ್ತಿಲತನಕ ಬಿಡುತ್ತಿದ್ದರು. ಅಲ್ಲಿಂದ ನೋಡುತ್ತಿದ್ದೆ. ಕೆಂಪು ಮಣ್ಣಿನಲ್ಲಿ ಉರುಳಾಡಿ ಅಣ್ಣ ಎದ್ದರೆ ಬೆವರು ಒಣಗಿ ಅವನ ಬೆನ್ನ ಮೇಲೆ ಬಿಳಿ ಪೊರೆ ಕಟ್ಟಿರುತ್ತಿತ್ತು. ನಾನೊಮ್ಮೆ ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡಿದ್ದೆ. ಉಪ್ಪು! ಹತ್ತು ವರ್ಷದ ಮಂಗ್ಯಾನಂಥ ಹುಡುಗಿಗೆ ತಿಳಿದದ್ದು ನಲವತ್ತು ವರ್ಷದ ವಸ್ತಾದನಿಗೆ ತಿಳಿಯಲಿಲ್ಲ.

ಎರಡನೆಯ ವಾರದಿಂದ ಅಣ್ಣನ ಮೀನಖಂಡ ಕಲ್ಲಿನಂತೆ ಗಂಟು ಕಟ್ಟತೊಡಗಿತು. ಬೈಠಕ್ ಹೊಡೆಯುವಾಗ ಅರ್ಧಕ್ಕೆ ಕೂತುಬಿಡುತ್ತಿದ್ದ.

"ಯಾಕೋ?" ವಸ್ತಾದ ಕೇಳಿದ.

"ಕಾಲು ಹಿಡಕೊಂಡಾವ್ರಿ ವಸ್ತಾದ್ರ."

"ಹಿಡೀಲಿ! ಸೊಕ್ಕು ಇಳಿಯಾಕತ್ತೇದ ಅಂತ ತಿಳಕೋ. ಏಳು, ಇನ್ನ ಐವತ್ತು."

ನಾನು ಉಪ್ಪು ಹಾಕಿದ್ದು ಅಣ್ಣನ ಮೇಲಿನ ಪ್ರೀತಿಯಿಂದ ಅಲ್ಲ. ನಿಜ ಹೇಳುತ್ತೇನೆ. ಆವತ್ತು ಬೆಳಿಗ್ಗೆ ಅವನು ನನ್ನ ಜಡೆ ಹಿಡಿದು ಎಳೆದು, ಬದಾಮಿ ಕದ್ದೆನೆಂದು ಅವ್ವನಿಗೆ ಚಾಡಿ ಹೇಳಿದ್ದ. ಅವನ ನೇಮ ಕೆಡಿಸಬೇಕೆಂದು ಒಂದು ಹಿಡಿ ಹರಳುಪ್ಪು ಲಂಗದ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ, ದಾರಿಯಲ್ಲಿ ಬೇವಿನ ಮರದ ಕೆಳಗೆ ಕಲ್ಲಿನಿಂದ ಜಜ್ಜಿ ಮಜ್ಜಿಗೆಗೆ ಸುರಿದೆ. ಬೆರಳಾಡಿಸಿ ಕರಗಿಸಿದೆ. ನಾನೂ ಎರಡು ಗುಟುಕು ಕುಡಿದೆ. ಆಹಾ!

ಹೊಸ್ತಿಲಲ್ಲಿ ಕೂತು ಕಾದೆ. ಅಣ್ಣ ಚರಿಗೆ ಎತ್ತಿ ಒಂದು ಗುಟುಕು ಕುಡಿದ. ನಿಲ್ಲಿಸಿದ. ನನ್ನ ಕಡೆ ನೋಡಿದ. ಈಗ ಚರಿಗೆ ಎಸೆಯುತ್ತಾನೆ, ಈಗ ವಸ್ತಾದನನ್ನು ಕೂಗುತ್ತಾನೆ ಎಂದು ನಾನು ಓಡಲು ಲಂಗ ಎತ್ತಿ ಹಿಡಿದಿದ್ದೆ. ಅವನು ಮತ್ತೆ ಚರಿಗೆ ಎತ್ತಿದ. ತಳ ಮೇಲಾಗುವತನಕ ಇಳಿಸಲಿಲ್ಲ.

ಖಾಲಿ ಚರಿಗೆ ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಅಂದ: "ನಾಳಿ ಜರಾ ಲಗೂನ ತಾ."

ಅಷ್ಟೇ. ಅಲ್ಲಿಂದ ಕುಸ್ತಿಯ ದಿನದವರೆಗೆ ದಿನಾ ಉಪ್ಪು ಜಜ್ಜಿದೆ, ದಿನಾ ಅವನು ಕುಡಿದ. ಮೀನಖಂಡ ಬಿಟ್ಟಿತು. ಬೈಠಕ್ ಹೆಚ್ಚಾದವು. ಸೋಮವಾರ ಶಹಾಪುರದ ಪೈಲವಾನನನ್ನು ಎತ್ತಿ ಒಗೆದ, ಅವನ ಬೆನ್ನು ಮಣ್ಣಿಗೆ ಬಡಿದ ಸಪ್ಪಳ ನಮ್ಮ ಮಾಳಿಗೆಯ ಮೇಲಿದ್ದ ನನಗೂ ಕೇಳಿಸಿತು. ಅಣ್ಣನ ಕೈಗೆ ಬೆಳ್ಳಿ ಕಡಗ ತೊಡಿಸಿದರು. ವಸ್ತಾದ ಅವನ ತೋಳು ಮೇಲೆತ್ತಿ ಇಡೀ ಓಣಿಗೆ ಕೇಳುವಂತೆ ಕೂಗಿದ:

"ಉಪ್ಪು ಬಿಟ್ಟ ಮೈ ನೋಡ್ರಪಾ ಇದು! ಉಪ್ಪು ಬಿಟ್ಟ ಮೈ!"

ಅಣ್ಣ ನಕ್ಕ. ಆ ನಗುವಿಗೆ ಕಲ್ಲು ಒಗೆಯಬೇಕೆಂದು ಇವತ್ತಿಗೂ ಕೈ ತುರಿಸುತ್ತದೆ.

ಆ ಕಡಗದಿಂದಲೇ ಅವನಿಗೆ ಹೆಣ್ಣು ಸಿಕ್ಕಿತು. ಶಹಾಪುರದ ಆಚೆ, ಕೃಷ್ಣೆಯ ದಂಡೆಯ ಊರಿನವಳು. ಅವಳ ಅಪ್ಪ ಹೊಳೆ ದಾಟಿಸುವ ಹರಿಗೋಲಿನವ. ಹದಿನಾರು ವರ್ಷದ ಅತ್ತಿಗೆ ಬಂದಾಗ ನನಗೆ ಮೊದಲ ಸಲ ಮನೆಯಲ್ಲಿ ಒಬ್ಬ ಗೆಳತಿ ಸಿಕ್ಕಳು. ಗಡಿಗೆಯ ತಳದಲ್ಲಿ ಉಳಿದ ಸಣ್ಣ ಮೀನುಗಳನ್ನು ಮುಳ್ಳಿನ ಸಮೇತ ಅಗಿದು ತಿನ್ನಲು ಕಲಿಸಿದವಳು ಅವಳು. "ಎಲುಬು ಗಟ್ಟಿ ಆಗ್ತಾವ, ತಿನ್ನವ್ವಾ" ಅನ್ನುತ್ತಿದ್ದಳು. ಕೋಚ್ ಪಟ್ಟಿಯಲ್ಲಿ ಅದೂ ಇದೆ!

ಆ ವರ್ಷವೇ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದಿನ ಉಗಾದಿಗೆ ಹೈದರಾಬಾದಿನವರಾಗಿದ್ದವರು ಈ ಉಗಾದಿಗೆ ಮೈಸೂರಿನವರಾಗಿದ್ದೆವು. ಕಚೇರಿಯ ಬೋರ್ಡು ಬದಲಾಯಿತು, ಶಾಲೆಯ ಮಾಸ್ತರು ಬದಲಾದರು, ಹಳೆಯದೆಲ್ಲ ಹೋಗಿ ಹೊಸದು ಬಂತೆಂದು ಗಂಡಸರು ಕಟ್ಟೆಯ ಮೇಲೆ ಕೂತು ಭಾಷಣ ಮಾಡಿದರು. ತಾಲೀಮಿನ ನೇಮ ಮಾತ್ರ ಹಾಗೆಯೇ ಉಳಿಯಿತು. ಉಳಿಯದೆ ಏನು, ನಮ್ಮಣ್ಣ ಗೆದ್ದು ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದನಲ್ಲ! ಹೋದ ವರ್ಷ ಅವನೊಬ್ಬ ಉಪ್ಪು ಬಿಟ್ಟಿದ್ದರೆ ಈ ವರ್ಷ ತಾಲೀಮಿಗೆ ತಾಲೀಮೇ ಬಿಟ್ಟಿತು.

ಕುಸ್ತಿಗೆ ಒಂದು ತಿಂಗಳಿದ್ದಾಗ ಶಹಾಪುರದಲ್ಲಿದ್ದ ಸೋದರತ್ತೆಗೆ ಹೆರಿಗೆಯಾಯಿತು. ಕೂಸು ಆಡಿಸಲು ನನ್ನನ್ನು ಕಳಿಸಿದರು. "ನಾ ಹೋದ್ರ ಬುತ್ತಿ ಯಾರು ಒಯ್ಯಬೇಕು?" ಎಂದು ನಾನು ಅಳುತ್ತಾ ಕೇಳಿದೆ. ಅಪ್ಪ ತಾನೇ ಒಯ್ಯುತ್ತೇನೆಂದ. ಅಣ್ಣನ ಕಡೆ ನೋಡಿದೆ. ಏನಾದರೂ ಹೇಳುತ್ತಾನೆ, ಇವಳು ಇಲ್ಲೇ ಇರಲಿ ಅನ್ನುತ್ತಾನೆ ಎಂದುಕೊಂಡೆ. ಅವನು ಕಡಗ ತಿರುಗಿಸುತ್ತಾ ನಿಂತಿದ್ದ.

ಕುಸ್ತಿಯ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಮಾವನ ಜೊತೆ ವಾಪಸ್ಸು ಬಂದೆ. ಅಣ್ಣನ ಮುಖ ನೋಡಿ ಗಾಬರಿಯಾಯಿತು. ಕಣ್ಣು ಒಳಗೆ ಹೋಗಿದ್ದವು, ತುಟಿ ಒಡೆದಿದ್ದವು. ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದಳು.

"ನಿಮ್ಮಣ್ಣ ದಿನಾ ನಸುಕಿನ್ಯಾಗ ಕಾಲು ಹಿಡಕೊಂಡು ಹೊರಳಾಡ್ತಾರ ತಂಗಿ. ನಮ್ಮ ಊರಾಗ ಹುಟ್ಟು ಹಾಕೋರು ಅಂಬಲಿಗಿ ಉಪ್ಪು ಜಾಸ್ತಿ ಹಾಕ್ಕೊಂಡು ಕುಡೀತಾರ, ಇಲ್ಲಂದ್ರ ಕೈ ಸೆಟೀತಾವ. ಹಂಗ ಅಂದೆ ಅತ್ತಿ ಮುಂದ. 'ಹೊಳಿ ದಾಟಿಸೋರ ಮಗಳು ಪೈಲವಾನರಿಗಿ ಬುದ್ಧಿ ಹೇಳ್ತಾಳ' ಅಂತ ಮೂಗು ಮುರದ್ರು."

ಮಧ್ಯಾಹ್ನ ಮಾಳಿಗೆ ಹತ್ತಿ ನೋಡಿದೆ. ಅಣ್ಣ ಚೆನ್ನಾಗಿಯೇ ಹಿಡಿದಿದ್ದ. ಎದುರಾಳಿಯನ್ನು ಅರ್ಧ ಎತ್ತಿಯೂ ಇದ್ದ. ಅಷ್ಟರಲ್ಲಿ ಅವನ ಎಡಗಾಲು ತನ್ನಷ್ಟಕ್ಕೆ ತಾನೇ ಕೊಕ್ಕೆಯಂತೆ ಬಾಗಿತು. ಕೂಗಿಕೊಂಡು ಬಿದ್ದ. ಆ ಶಹಾಪುರದವನು ಗೆಲ್ಲಲು ಏನೂ ಮಾಡಬೇಕಾಗಲಿಲ್ಲ, ಮೇಲೆ ಬಿದ್ದರೆ ಸಾಕಾಯಿತು. ಹೊತ್ತುಕೊಂಡು ಬಂದ ಅಣ್ಣನ ಎರಡೂ ಮೀನಖಂಡಗಳಲ್ಲಿ ಇಲಿ ಓಡಾಡಿದಂತೆ ಮಾಂಸ ಕುಣಿಯುತ್ತಿತ್ತು.

ಸಂಜೆ ವಸ್ತಾದ ಮನೆಗೆ ಬಂದ. ಪಡಸಾಲೆಯಲ್ಲಿ ಅಪ್ಪ, ವಸ್ತಾದ, ಗೋಡೆಗೆ ಒರಗಿ ಅಣ್ಣ. ಅಡುಗೆಮನೆಯ ಬಾಗಿಲ ಹಿಂದೆ ನಾವು ಮೂವರು ಹೆಂಗಸರು.

"ನೇಮ ಕೆಟ್ಟದ," ವಸ್ತಾದ ಅಂದ. "ಯಾರೋ ಉಪ್ಪು ಹಾಕ್ಯಾರ. ಇಲ್ಲಂದ್ರ ಈ ಮೈ ಬೀಳೂದಲ್ಲ."

ಅಪ್ಪನಿಗೆ ಅವ್ವ ಹೇಳಿದ್ದ ಮಾತು ನೆನಪಾಯಿತು. ಅತ್ತಿಗೆಯನ್ನು ಹೊರಗೆ ಕರೆದ.

"ಉಪ್ಪು ಹಾಕ್ಬೇಕು ಅಂತ ನೀ ಅಂದಿದ್ದೆಂತಲ್ಲ, ಖರೇನು?"

"ಅಂದಿದ್ದು ಖರೇರಿ ಮಾವಾ," ಸೆರಗಿನೊಳಗಿಂದ ಅತ್ತಿಗೆ ಅಂದಳು. "ಹಾಕಿಲ್ರಿ."

"ಅಂದಾಕಿ ಹಾಕದ ಇರ್ತಾಳೇನು?" ವಸ್ತಾದ ಅಪ್ಪನಿಗೆ ಹೇಳಿದ. "ಕಾಲ್ಗುಣ ನೋಡ್ರಿ. ಹ್ವಾದ ವರ್ಷ ಈಕಿ ಇರಲಿಲ್ಲ, ಗೆದ್ದ. ಈ ವರ್ಷ ಬಂದಾಳ, ಬಿದ್ದ."

"ನಾಳಿಗೇ ತವರಮನಿಗಿ ಕಳಸ್ತೀನಿ," ಅಂದ ಅಪ್ಪ. "ತಿರುಗಿ ಕರಕೊಳ್ಳೋದು ಆಮ್ಯಾಲಿನ ಮಾತು."

ಉಪ್ಪಿಲ್ಲದೆ ಬಿದ್ದವನಿಗೆ ಉಪ್ಪು ಹಾಕಿದಳೆಂದು ಶಿಕ್ಷೆ! ಅವ್ವ ನನ್ನ ರಟ್ಟೆ ಹಿಡಿದಿದ್ದಳು. ಕಚ್ಚಿ ಬಿಡಿಸಿಕೊಂಡು ಹೊರಗೆ ಓಡಿದೆ.

"ಹ್ವಾದ ವರ್ಷ ಮಜ್ಜಿಗಿಗಿ ಉಪ್ಪು ಹಾಕಿದಾಕಿ ನಾನು! ದಿನಾ ಹಾಕೀನಿ. ಉಪ್ಪು ತಿಂದಾಗ ಗೆದ್ದಾನ, ಬಿಟ್ಟಾಗ ಬಿದ್ದಾನ. ಅತ್ತಿಗಿದು ಏನೂ ಇಲ್ಲ!"

ವಸ್ತಾದ ನಕ್ಕ. "ಹುಡುಗಿ ಅತ್ತಿಗಿ ಕಡಿ ಆಗ್ಯಾಳ ನೋಡ್ರಿ."

"ಅಣ್ಣಗ ಕೇಳ್ರಿ ಬೇಕಾದ್ರ!"

ಅಪ್ಪ ಅಣ್ಣನ ಕಡೆ ತಿರುಗಿದ. "ಏನೋ? ಹ್ವಾದ ವರ್ಷದ ಮಜ್ಜಿಗ್ಯಾಗ ಉಪ್ಪಿತ್ತೇನು?"

ಎಲ್ಲರೂ ಅಣ್ಣನ ಬಾಯಿ ನೋಡಿದೆವು. ಅತ್ತಿಗೆ ಕೂಡ ಸೆರಗು ಸರಿಸಿ ನೋಡಿದಳು. ಮದುವೆಯಾದ ಮೇಲೆ ಅಪ್ಪನ ಎದುರು ಅವಳು ಮುಖ ತೋರಿಸಿದ್ದು ಅದೇ ಮೊದಲು. ಅಣ್ಣ ಕಡಗ ತಿರುಗಿಸಿದ.

"ಇರಲಿಲ್ಲಪ್ಪಾ. ಸಪ್ಪಗ ಇತ್ತು."

ಅಪ್ಪನ ಏಟಿಗೆ ನನ್ನ ಕಿವಿ ಎರಡು ದಿನ ಗುಂಯ್ ಅಂದಿತು. ಮರುದಿನ ಅತ್ತಿಗೆ ಟ್ರಂಕು ಹಿಡಿದು ಬಸ್ಸು ಹತ್ತಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅಣ್ಣ ನಿಂತ ಕಡೆಗೆ ಬೆನ್ನು ಮಾಡಿ ಕೂತಳು.

ನಾನು ಬಿಡಲಿಲ್ಲ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅಣ್ಣನ ಎದುರು ಹೋಗಿ ನಿಂತೆ.

"ನಿನಗ ನಾಲಿಗಿ ಇರಲಿಲ್ಲೇನು? ಉಪ್ಪು ತಿಳೀಲಿಲ್ಲೇನು?"

"ತಿಳೀತು."

"ಮತ್ತ?"

"ಹ್ಞೂ ಅಂದಿದ್ರ ಕಡಗ ವಾಪಸ್ ಕೊಡಬೇಕಾಗ್ತಿತ್ತು, ಹುಚ್ಚಿ."

ಒಂದು ಕಡಗ! ಅದನ್ನು ಅವನು ಸಾಯುವತನಕ ಕೈಯಿಂದ ತೆಗೆಯಲಿಲ್ಲ. ವಸ್ತಾದನ ಮೇಲೆ ನನಗೆ ಅರ್ಧ ಸಿಟ್ಟು. ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದವರಿಂದ ಕಲಿತಿದ್ದ. ಅಪ್ಪನ ಮೇಲೂ ಅಷ್ಟೇ. ಅಣ್ಣನ ನಾಲಿಗೆಗೆ ಗೊತ್ತಿತ್ತು. ಅವನ ಕಾಲಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಯನ್ನು ಬಸ್ಸು ಹತ್ತಿಸಿದವನಿಗೆ ಇಡೀ ಸಿಟ್ಟು.

ಅತ್ತಿಗೆಯನ್ನು ಕರೆತರಲು ಅವನು ಹೋಗಲಿಲ್ಲ. ಐದು ತಿಂಗಳಾದ ಮೇಲೆ, ಅಪ್ಪ ಬೋನಾಳಕ್ಕೆ ಬಲೆ ಹೊತ್ತು ಹೋದ ದಿನ ನೋಡಿ, ಅವ್ವ ಒಬ್ಬಳೇ ಬಸ್ಸು ಹತ್ತಿ ಹೋಗಿ ಸೊಸೆಯನ್ನು ಕರೆತಂದಳು. ಯಾರೂ ತಪ್ಪಾಯಿತು ಅನ್ನಲಿಲ್ಲ. ಅತ್ತಿಗೆ ನೇರ ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿದಳು. ಅಣ್ಣ ಮತ್ತೆ ಕಣಕ್ಕಿಳಿಯಲಿಲ್ಲ. ತಾಲೀಮಿನಲ್ಲಿ ಉಪ್ಪು ಬಿಡುವ ನೇಮ ಇನ್ನೂ ಹತ್ತು ವರ್ಷ ನಡೆಯಿತು, ಇನ್ನೆಷ್ಟು ಕಾಲು ಸೆಟೆದವೋ. ಪ್ರತಿ ಹೊಸ ಪೈಲವಾನನಿಗೂ ಅಣ್ಣನ ಗೆಲುವಿನ ಕಥೆ ಹೇಳುತ್ತಿದ್ದರು, ಅಂದರೆ ನನ್ನ ಉಪ್ಪಿನ ಕಥೆ, ಉಪ್ಪು ತೆಗೆದು.

ಮೊಮ್ಮಗಳು ಪಟ್ಟಿ ಓದಿದ ಮರುದಿನವೇ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತಿಗೆಯ ಮನೆಗೆ ಹೋದೆ. ಈಗಲೂ ರಂಗಂಪೇಟೆಯಲ್ಲೇ ಇದ್ದಾಳೆ. ಅಣ್ಣ ಹೋಗಿ ಆರು ವರ್ಷವಾಯಿತು. ಅವಳಿಗೆ ಕಣ್ಣು ಮಂಜು, ಕಿವಿ ಚುರುಕು. ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಬೆವರು, ಉಪ್ಪು, ಮೀನಖಂಡ, ಎಲ್ಲ. ಅವಳು ಹಲ್ಲಿಲ್ಲದ ಬಾಯಿಯಲ್ಲಿ ಎಲೆ ಅಡಿಕೆ ಆಡಿಸುತ್ತಾ ಕೇಳಿದಳು. ಮುಗಿದ ಮೇಲೆ "ಹೌದೇನು?" ಅಂದಳು, ನೆರೆಮನೆಯ ಮದುವೆ ಸುದ್ದಿ ಕೇಳಿದಂತೆ.

ನನಗೆ ಮೈಯೆಲ್ಲ ಉರಿಯಿತು.

"ಹೌದೇನು ಅಂತೀಯಲ್ಲ! ನೀ ಹೇಳಿದ್ದು ಖರೆ ಇತ್ತು ಅತ್ತಿಗಿ. ಇಡೀ ಜಗತ್ತಿಗೆ ಈಗ ಗೊತ್ತಾಗೇದ. ಐದು ತಿಂಗಳು ನಿನ್ನ ಹೊರಗ ಹಾಕಿದ್ರು, ಅವ ಬಾಯಿ ಮುಚ್ಚಿಕೊಂಡು ಕುಂತಿದ್ದ. ನೀ ಮಾತ್ರ ತಿರುಗಿ ಬಂದು ಆ ಗಂಡಗ ಐವತ್ತು ವರ್ಷದ ಮ್ಯಾಲ ರೊಟ್ಟಿ ಬಡದು ಹಾಕಿದಿ. ನಾ ಇಲ್ಲಿ ಹೊಟ್ಟಿ ಉರಕೊಂಡು ಫೋನಿನ್ಯಾಗ ಬರಿಯಾಕತ್ತೀನಿ. ನಿನಗ ಒಂದ್ ದಿನಾನೂ ಸಿಟ್ಟು ಬರಲಿಲ್ಲೇನು?"

ಅತ್ತಿಗೆ ಎಲೆಯ ರಸ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡಳು.

"ಸಿಟ್ಟು ಬರಲಿಲ್ಲ ಅಂತ ಯಾರು ಹೇಳ್ಯಾರ ನಿನಗ? ತಿರುಗಿ ಬಂದ ವಾರದಿಂದ ಹಿಡದು ಅವ ಸಾಯೋತನಕ, ಸೋಮವಾರಕ್ಕೊಮ್ಮಿ ಅವನ ತಾಟಿಗಿ ಉಪ್ಪಿಲ್ಲದ ಬ್ಯಾಳಿ ಬಡಿಸೀನಿ. ನಮಗ ಬ್ಯಾರೆ, ಅವಗ ಬ್ಯಾರೆ. 'ಉಪ್ಪಿಲ್ಲಲ್ಲ' ಅಂತ ಒಂದ್ ಸಲ ಬಾಯಿಬಿಟ್ಟು ಅನಲಿ, ಅವತ್ತಿಗೇ ಬಿಟ್ಟುಬಿಡ್ತೀನಿ ಅಂತ ಕಾಯ್ದೆ. ಅನ್ನಲೇ ಇಲ್ಲ ನಿಮ್ಮಣ್ಣ. ತಲಿ ತಗ್ಗಿಸಿ ಉಂಡು, ಕೈ ತೊಳಕೊಂಡು ಹೋಗ್ತಿದ್ದ. ನೀ ಒಂದು ತಿಂಗಳದ್ದು ಬರಿಯಾಕತ್ತಿ, ನನ್ನವು ಎಷ್ಟು ಸೋಮವಾರ ಆದವು, ಆ ಫೋನಿಗಿ ಕೇಳಿ ಹೇಳು."